ಮುದುಕರ ಆಟ, ಹುಡುಗರ ಹೆಗಲು

ಕ್ಲಬ್ಬುಗಳು ತಮ್ಮ ಚರಿತ್ರೆ ಬರೆಸಿಕೊಳ್ಳುತ್ತವೆ. ಇಪ್ಪತ್ತೈದು ತುಂಬಿದರೆ ಒಂದು ಪುಸ್ತಕ, ಐವತ್ತಕ್ಕೆ ಒಂದು, ನೂರಕ್ಕೆ ಇನ್ನೊಂದು. ನುಣುಪು ಕಾಗದ, ಗಟ್ಟಿ ರಟ್ಟು. ಒಳಗೆ ಅಧ್ಯಕ್ಷರುಗಳ ಫೋಟೊ ಸಾಲು. ಯಾವ ವರ್ಷ ಯಾರು ಗೆದ್ದರು, ಬೆಳ್ಳಿ ಬಟ್ಟಲು ಯಾರು ಕೊಟ್ಟರು, ಔತಣದ ರಾತ್ರಿ ಯಾರು ಭಾಷಣ ಮಾಡಿದರು, ಎಲ್ಲ ಇರುತ್ತದೆ. ಇಲ್ಲದಿರೋದು ಒಂದೇ. ಆಟದ ಚೀಲ ಹೊತ್ತವನ ಹೆಸರು.

ನಾವು ಇವತ್ತು ಅಂಥ ಒಂದು ಚರಿತ್ರೆಯನ್ನು ಚೀಲ ಹೊತ್ತವನ ಕಡೆಯಿಂದ ಓದ್ತಾ ಇದ್ದೀವಿ. ಅದು ಅಮೆರಿಕಾದ್ದು. ವಯಸ್ಸಾದ ಶ್ರೀಮಂತರು ಕಟ್ಟಿಕೊಂಡ ಗಾಲ್ಫ್ ಕ್ಲಬ್ಬಿನದು. "ಹಾಸ್ಟೆಲ್ಲಿನ ನೀರು ಸಾರಿಗೂ ಅಮೆರಿಕದ ಗಾಲ್ಫಿಗೂ ಏನಪ್ಪಾ ಸಂಬಂಧ?" ಅಂತ ನೀವು ಕೇಳ್ತೀರಿ. ಕೇಳಲೇಬೇಕು. ಮೊದಲು ಓದಿ, ಆಮೇಲೆ ಜಗಳಕ್ಕೆ ಬನ್ನಿ.

ಗಾಲ್ಫ್ ಅಂದರೆ ಇಷ್ಟೆ. ಒಂದು ಪುಟ್ಟ ಬಿಳಿ ಚೆಂಡು. ಅದನ್ನು ಉದ್ದನೆಯ ಕೋಲಿನಿಂದ ಹೊಡೆದು ಹೊಡೆದು ದೂರದ ಒಂದು ಕುಳಿಗೆ ಬೀಳಿಸಬೇಕು. ಹೀಗೆ 18 ಕುಳಿ. ಕಡಿಮೆ ಏಟಿಗೆ ಯಾರು ಮುಗಿಸ್ತಾರೋ ಅವರು ಗೆದ್ದರು. ನಮ್ಮ ಗೋಲಿಯಾಟಕ್ಕೂ ಚಿನ್ನಿದಾಂಡಿಗೂ ದೂರದ ನೆಂಟ ಅನ್ನಿ. ವ್ಯತ್ಯಾಸ ಎರಡೇ. ಗೋಲಿಗೆ ಮಾರು ನೆಲ ಸಾಕು. ಇದಕ್ಕೆ ನೂರು, ನೂರೈವತ್ತು ಎಕರೆ ಬೇಕು, ಅದೂ ಬೇಸಿಗೆಯಲ್ಲೂ ಹಸಿರಾಗಿರಬೇಕು. ಎರಡನೇದು, ಗೋಲಿ ಆಡುವ ಹುಡುಗ ತನ್ನ ಗೋಲಿಯನ್ನು ತನ್ನ ಚಡ್ಡಿ ಜೇಬಿನಲ್ಲೇ ಇಟ್ಟುಕೊಳ್ಳುತ್ತಾನೆ. ಗಾಲ್ಫಿನ ದೊರೆಗಳು ತಮ್ಮ ಕೋಲುಗಳನ್ನು ತಾವು ಹೊರುತ್ತಿರಲಿಲ್ಲ. ಒಬ್ಬನಿಗೆ 14 ಕೋಲು ಮಾತ್ರ ಅಂತ 1938ರಲ್ಲಿ ನಿಯಮ ಬಂತು. ಅದಕ್ಕೆ ಮುಂಚೆ ಮಿತಿಯೇ ಇರಲಿಲ್ಲ. ಇಪ್ಪತ್ತಕ್ಕಿಂತ ಹೆಚ್ಚು ಕೋಲು ಹೊರಿಸಿದವರೂ ಇದ್ದರು. ಆ ಭಾರದ ಚೀಲವನ್ನು ಹೆಗಲಿಗೆ ಹಾಕ್ಕೊಂಡು, ನಾಲ್ಕೈದು ಮೈಲಿ ದೊರೆಯ ಹಿಂದೆ ನಡೆದು, ಕಳೆದುಹೋದ ಚೆಂಡನ್ನು ಪೊದೆಯಲ್ಲಿ ಹುಡುಕಿ ಕೊಡುವವನಿಗೆ ಕ್ಯಾಡಿ ಅಂತ ಹೆಸರು.

ಈ ಹೆಸರಿನೊಳಗೇ ಕತೆ ಇದೆ. ಫ್ರೆಂಚಿನಲ್ಲಿ 'ಕಾದೆ' ಅಂದರೆ ಕಿರಿಯ. ಅದು ಸ್ಕಾಟ್ಲೆಂಡಿಗೆ ಬಂದು ಎಡಿನ್‌ಬರೋ ಬೀದಿಗಳಲ್ಲಿ ಓಲೆ, ಹೊರೆ ಹೊತ್ತು ಓಡಾಡುವ ಕೂಲಿಗಳ ಹೆಸರಾಯಿತು. ಅಲ್ಲಿಂದ ಗಾಲ್ಫ್ ಮೈದಾನಕ್ಕೆ ಬಂತು. 'ಸೀನಿಯರ್' ಅನ್ನೋದು ಲ್ಯಾಟಿನ್ನಿನಿಂದ ಬಂದ ಪದ. ಹಿರಿಯ ಅಂತ ಅರ್ಥ. ಹಿರಿಯ ಆಡುವವನು, ಕಿರಿಯ ಹೊರುವವನು. ನಿಘಂಟಿನಲ್ಲೇ ಜೀತಪತ್ರ ಬರೆದಾಗಿದೆ.

ಈಗ ಕ್ಲಬ್ಬಿಗೆ ಬರೋಣ. ನ್ಯೂಯಾರ್ಕ್ ನಗರದ ಹತ್ತಿರ ರೈ ಅಂತ ಒಂದು ಊರು. ಅಲ್ಲಿ 1890ರಲ್ಲಿ ಅಪವಾಮಿಸ್ ಅನ್ನೋ ಕ್ಲಬ್ ಶುರುವಾಯಿತು. ಅಪವಾಮಿಸ್ ಅನ್ನೋದು ಬಿಳಿಯರ ಮಾತಲ್ಲ. ಆ ನೆಲದಲ್ಲಿ ಮೊದಲು ಬಾಳಿದ ಮೂಲನಿವಾಸಿಗಳ ಮಾತು. ನೆಲ ತಗೊಂಡರು, ಹೆಸರನ್ನೂ ತಗೊಂಡರು. ಜನ ಮಾತ್ರ ಬೇಡವಾದರು. 1905ರಲ್ಲಿ ಹೊರೇಸ್ ಹಾಚ್‌ಕಿಸ್ ಅನ್ನೋ ಸದಸ್ಯ ಒಂದು ಹೊಸ ವಿಚಾರ ತಂದ. ಎಳೆಯರ ಜೊತೆ ಸೆಣಸಿ ಸೋಲೋದು ಯಾಕೆ? 55 ವರ್ಷ ದಾಟಿದವರೇ ಸೇರಿ ಆಡೋಣ, ಸ್ನೇಹದಿಂದ ನಾಲ್ಕು ದಿನ ಕಳೆಯೋಣ ಅಂತ. ಪಂದ್ಯ ನಡೆಯಿತು. ವರ್ಷ ವರ್ಷವೂ ನಡೆಯಿತು. 1917ರಲ್ಲಿ ಅದೇ ಅಮೆರಿಕದ ಹಿರಿಯರ ಗಾಲ್ಫ್ ಸಂಘ ಆಯಿತು. 1918ರಲ್ಲಿ ಕೆನಡಾದವರು ತಮ್ಮದೊಂದು ಕಟ್ಟಿಕೊಂಡರು. 1926ರಲ್ಲಿ ಇಂಗ್ಲೆಂಡಿನವರೂ ಕಟ್ಟಿಕೊಂಡರು. ಹಿರಿಯರ ಗಾಲ್ಫ್ ಕ್ಲಬ್ಬುಗಳ ವಂಶವೃಕ್ಷದ ಬುಡ ಇದು.

"ಆಡಲಿ ಬಿಡ್ರಪ್ಪ. ವಯಸ್ಸಾದವರು ನಾಲ್ಕು ಜನ ಸೇರಿ ಗಾಳಿಗೆ ಓಡಾಡಿದರೆ ನಿಮಗ್ಯಾಕೆ ಹೊಟ್ಟೆನೋವು?" ಅನ್ನೋರು ಇರ್ತಾರೆ. ನಮಗೆ ವಯಸ್ಸಾದವರ ಮೇಲೆ ಸಿಟ್ಟಿಲ್ಲ. ನಮ್ಮ ಅಜ್ಜಿಯರೂ ವಯಸ್ಸಾದವರೇ. 55 ದಾಟಿದ ಮೇಲೂ ಅವರು ಸೌದೆ ಹೊರೆ ಹೊತ್ತರು, ಕಳೆ ಕಿತ್ತರು, ಮಂದಿ ಮನೆ ಕೊಟ್ಟಿಗೆ ಗುಡಿಸಿದರು. ಅವರಿಗೂ ಗಾಳಿಗೆ ಓಡಾಡೋ ಆಸೆ ಇದ್ದಿರಬಹುದು. ಯಾರೂ ಕೇಳಲಿಲ್ಲ. ಅದಕ್ಕೇ ನಾವು ಕೇಳೋದು ಒಂದೇ ಪ್ರಶ್ನೆ. ಯಾರ ಮುಪ್ಪಿಗೆ ವಿಶ್ರಾಂತಿ, ಯಾರ ಮುಪ್ಪಿಗೆ ಕೂಲಿ? ಅದನ್ನು ಗೊತ್ತು ಮಾಡಿದವರು ಯಾರು?

ಲೆಕ್ಕ ನೋಡಿ. 1900ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಬಿಳಿಯ ಮಗುವಿನ ಸರಾಸರಿ ಆಯಸ್ಸು ಸುಮಾರು 47 ವರ್ಷ. ಕಪ್ಪು ಮಗುವಿನದು ಸುಮಾರು 33. ಹಿರಿಯರ ಪಂದ್ಯಕ್ಕೆ 55 ಆಗಬೇಕು. ಬಾಗಿಲಲ್ಲಿ ಬಣ್ಣದ ಬೋರ್ಡು ಹಾಕೋದೇ ಬೇಡ, ಆಯಸ್ಸೇ ಬೋರ್ಡು. "ಹುಟ್ಟುತ್ತಲೇ ಸತ್ತ ಕೂಸುಗಳೂ ಆ ಸರಾಸರಿಯಲ್ಲಿ ಸೇರಿವೆ, ಲೆಕ್ಕ ಹಾಗಲ್ಲ" ಅಂತ ಜಾಣರು ಹೇಳಬಹುದು. ಹೌದು, ಸೇರಿವೆ. ಆ ಕೂಸುಗಳು ಯಾಕೆ ಸತ್ತವು ಅಂತಲೂ ಜಾಣರೇ ಹೇಳಿಬಿಡಲಿ. ಅದೇ 1900ರ ಜನಗಣತಿಯಲ್ಲಿ 10ರಿಂದ 15 ವಯಸ್ಸಿನ ದುಡಿಯುವ ಮಕ್ಕಳು ಹದಿನೇಳೂವರೆ ಲಕ್ಷ ಲೆಕ್ಕಕ್ಕೆ ಸಿಕ್ಕಿದರು. ಗಿರಣಿಯಲ್ಲಿ, ಗಣಿಯಲ್ಲಿ, ಹೊಲದಲ್ಲಿ, ಬೀದಿಯಲ್ಲಿ. ದುಡಿಯುವ ಮಕ್ಕಳನ್ನೂ ಆಡುವ ದೊಡ್ಡವರನ್ನೂ ಒಂದೇ ಚಿತ್ರದೊಳಗಿಟ್ಟು ಸಾರಾ ಕ್ಲೆಗ್‌ಹಾರ್ನ್ ಅನ್ನೋ ಕವಯಿತ್ರಿ 1915ರಲ್ಲಿ ನಾಲ್ಕೇ ಸಾಲಿನ ಪದ್ಯ ಬರೆದಳು. ಪದ್ಯ ಬರೆಯುವ ಗೆಳೆಯರು ಹುಡುಕಿ ಓದಿ. ಸಿಟ್ಟಿಗೆ ನಾಲ್ಕು ಸಾಲು ಸಾಕು ಅಂತ ಗೊತ್ತಾಗುತ್ತದೆ.

ಅಪವಾಮಿಸ್ ಮೈದಾನದಲ್ಲಿ ಚೀಲ ಹೊತ್ತ ಹುಡುಗರಲ್ಲಿ ಒಬ್ಬನ ಹೆಸರು ಉಳಿದಿದೆ. ಯೂಜೇನಿಯೊ ಸಾರಾಚೆನಿ. ಇಟಲಿಯಿಂದ ವಲಸೆ ಬಂದ ಬಡ ಬಡಗಿಯ ಮಗ. ಎಂಟನೇ ವಯಸ್ಸಿಗೇ ಬೇರೊಂದು ಕ್ಲಬ್ಬಿನಲ್ಲಿ ಚೀಲ ಹೊರಲು ಶುರುಮಾಡಿ ಆಮೇಲೆ ಇಲ್ಲಿಗೆ ಬಂದ. ಶಾಲೆ ಅರ್ಧಕ್ಕೇ ನಿಂತಿತು. ಹೊರುತ್ತಾ ಹೊರುತ್ತಾ ಆಟ ಕಲಿತ. ಹೆಸರು ಬದಲಾಯಿಸಿಕೊಂಡು ಜೀನ್ ಸಾರಜೆನ್ ಆದ. 1922ರಲ್ಲಿ ಇಪ್ಪತ್ತನೇ ವಯಸ್ಸಿಗೆ ಅಮೆರಿಕದ ಓಪನ್ ಪಂದ್ಯ ಗೆದ್ದ. ಮುಂದೆ ದೊಡ್ಡ ದೊಡ್ಡ ಕಪ್ಪುಗಳೆಲ್ಲ ಅವನ ಮನೆಗೆ ಬಂದವು. 1954ರಲ್ಲಿ, 1958ರಲ್ಲಿ ವೃತ್ತಿ ಆಟಗಾರರ ಹಿರಿಯರ ಪಂದ್ಯವನ್ನೂ ಗೆದ್ದ.

"ನೋಡಿದ್ರಾ! ಕೂಲಿ ಹುಡುಗನೂ ಮೇಲೆ ಬರಬಹುದು. ಕಷ್ಟಪಡಬೇಕು ಅಷ್ಟೆ. ಜಾತಿ, ಬಣ್ಣ ಎಲ್ಲ ನೆಪ. ಇರೋದು ಬಡತನ ಒಂದೇ." ಈ ಮಾತು ಕೇಳಿ ಕೇಳಿ ನಮ್ಮ ಕಿವಿ ಹುಣ್ಣಾಗಿವೆ. ಮೇಷ್ಟ್ರು ಹೇಳ್ತಾರೆ, ಮಂತ್ರಿ ಹೇಳ್ತಾನೆ, ಕ್ರಾಂತಿ ಮಾಡ್ತೀವಿ ಅನ್ನೋ ಕೆಲವು ಗೆಳೆಯರೂ ಹೇಳ್ತಾರೆ. ಹಾಗಾದರೆ ಚೀಲ ಹೊತ್ತ ಇನ್ನೊಬ್ಬ ಹುಡುಗನ ಕತೆ ಕೇಳಿ.

ಚಾರ್ಲಿ ಸಿಫರ್ಡ್. 1922ರಲ್ಲಿ ಅಮೆರಿಕದ ದಕ್ಷಿಣದ ಷಾರ್ಲೆಟ್ ಊರಿನಲ್ಲಿ ಹುಟ್ಟಿದ ಕಪ್ಪು ಹುಡುಗ. ಹತ್ತನೇ ವಯಸ್ಸಿಗೆ ಚೀಲ ಹೊತ್ತ. ದಿನಕ್ಕೆ 60 ಸೆಂಟು ಕೂಲಿ. ಅವನೂ ಹೊರುತ್ತಾ ಹೊರುತ್ತಾ ಆಟ ಕಲಿತ. ಸಾರಜೆನ್ ಎಷ್ಟು ಬಡವನೋ ಇವನೂ ಅಷ್ಟೇ ಬಡವ. ಅವನ ಕೈಗೆ ಎಷ್ಟು ಕಸುಬು ಹತ್ತಿತೋ ಇವನ ಕೈಗೂ ಹತ್ತಿತು. ಆದರೆ 1934ರಲ್ಲಿ, ಇವನಿಗೆ 12 ವರ್ಷ ಇದ್ದಾಗ, ವೃತ್ತಿ ಗಾಲ್ಫಿಗರ ಸಂಘ ತನ್ನ ಕಾನೂನಿನಲ್ಲಿ ಒಂದು ಸಾಲು ಸೇರಿಸಿತು. ಬಿಳಿ ಜನಾಂಗದವರು ಮಾತ್ರ ಸದಸ್ಯರಾಗಬಹುದು. ಒಂದೇ ಸಾಲು. ಆ ಸಾಲು 1961ರ ನವೆಂಬರ್ ತನಕ ಅಲ್ಲೇ ಕೂತಿತ್ತು. ಲೆಕ್ಕ ಹಾಕಿ. 12ರಿಂದ 39. ಒಬ್ಬ ಆಟಗಾರನ ಮೈಯಲ್ಲಿ ಕಸುವಿರುವ ಅಷ್ಟೂ ವರ್ಷವನ್ನು ಒಂದು ಸಾಲು ತಿಂದು ಹಾಕಿತು. ಬಡಗಿಯ ಮಗ ಹೆಸರು ಬದಲಾಯಿಸಿಕೊಂಡ. ಕರಿಯನ ಮಗ ಏನು ಬದಲಾಯಿಸಿಕೊಳ್ಳಬೇಕಿತ್ತು, ಚರ್ಮವನ್ನಾ?

ಬಡತನ ಇಬ್ಬರಿಗೂ ಇತ್ತು. ಬೇಲಿ ಒಬ್ಬನಿಗೇ ಇತ್ತು. ಈ ವ್ಯತ್ಯಾಸ ನಮ್ಮ ಕೇರಿಯಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕರಿಯರಿಗೆ ಈ ಆಟ ಗೊತ್ತಿರಲಿಲ್ಲ ಅಂತ ಯಾರಾದರೂ ಅಂದರೆ ಅವರ ಬಾಯಿಗೆ ಎರಡು ತಾರೀಖು ಹಾಕಿ. 1896ರಲ್ಲಿ ಅಮೆರಿಕದ ಓಪನ್ ಪಂದ್ಯ ಶಿನೆಕಾಕ್ ಹಿಲ್ಸ್ ಅನ್ನೋ ಕಡೆ ನಡೆದಾಗ ಜಾನ್ ಶಿಪ್ಪೆನ್ ಅನ್ನೋ ಹದಿಹರೆಯದ ಕಪ್ಪು ಕ್ಯಾಡಿ ಸ್ಪರ್ಧೆಗಿಳಿದ. ಅವನ ಜೊತೆ ಆಸ್ಕರ್ ಬನ್ ಅನ್ನೋ ಶಿನೆಕಾಕ್ ಮೂಲನಿವಾಸಿ ಹುಡುಗ. ಇವರಿಬ್ಬರು ಆಡಿದರೆ ನಾವು ಆಡಲ್ಲ ಅಂತ ಬಿಳಿಯ ಆಟಗಾರರು ಕೂತರು. ಗಾಲ್ಫ್ ಸಂಘದ ಆಗಿನ ಅಧ್ಯಕ್ಷ ಹ್ಯಾವ್‌ಮೇಯರ್ ಬಗ್ಗಲಿಲ್ಲ, ಇವರಿಬ್ಬರೇ ಉಳಿದರೂ ಪಂದ್ಯ ನಡೆಸ್ತೀನಿ ಅಂದ. ಸಿಟ್ಟಾದವರು ತೆಪ್ಪಗೆ ಬಂದು ಆಡಿದರು. ಮೊದಲ ಸುತ್ತು ಮುಗಿದಾಗ ಶಿಪ್ಪೆನ್ ಮುಂದಿನವರ ಸಾಲಿನಲ್ಲೇ ಇದ್ದ. ಎರಡನೇ ತಾರೀಖು 1899. ಚೆಂಡನ್ನು ನೆಲದಿಂದ ಎತ್ತಿ ನಿಲ್ಲಿಸುವ ಮರದ ಗೂಟಕ್ಕೆ ಅಮೆರಿಕದಲ್ಲಿ ಹಕ್ಕುಪತ್ರ ಪಡೆದ ಜಾರ್ಜ್ ಗ್ರಾಂಟ್ ಒಬ್ಬ ಕಪ್ಪು ಮನುಷ್ಯ, ಹಾರ್ವರ್ಡಿನಲ್ಲಿ ಪಾಠ ಹೇಳಿದ ಹಲ್ಲಿನ ವೈದ್ಯ. ಕರಿಯನ ಗೂಟದ ಮೇಲೆ ಚೆಂಡಿಡಲು ಅಡ್ಡಿ ಇಲ್ಲ. ಕರಿಯ ಬಂದು ಆ ಚೆಂಡಿಗೆ ಹೊಡೆದರೆ ಮಾತ್ರ ಮೈಲಿಗೆ.

ಇನ್ನು "ಇದು ಖಾಸಗಿ ಕ್ಲಬ್ಬು, ನಮ್ಮ ದುಡ್ಡು, ನಮ್ಮ ಇಷ್ಟ" ಅನ್ನೋ ಮಾತು. ಇದರ ಬಣ್ಣ ಬಯಲಾದದ್ದು ಗ್ರೀನ್ಸ್‌ಬರೋ ಊರಿನಲ್ಲಿ. ಅದೂ ಸಿಫರ್ಡ್ ಹುಟ್ಟಿದ ರಾಜ್ಯದಲ್ಲೇ ಇದೆ. ಅಲ್ಲಿಯ ಗಿಲೆಸ್ಪಿ ಪಾರ್ಕ್ ಗಾಲ್ಫ್ ಮೈದಾನ ನಗರಸಭೆಯದು, ಅಂದರೆ ಕರಿಯರ ತೆರಿಗೆಯೂ ಅದರಲ್ಲಿತ್ತು. ಕರಿಯರು ಒಳಗೆ ಬರಬಹುದು ಅಂತ ಗೊತ್ತಾದದ್ದೇ ತಡ, ನಗರಸಭೆ ಆ ಮೈದಾನವನ್ನು ಒಂದು ಡಾಲರಿಗೆ ಒಂದು ಕ್ಲಬ್ಬಿಗೆ ಗುತ್ತಿಗೆ ಕೊಟ್ಟಿತು. ರಾತ್ರಿ ಬೆಳಗಾಗೋದರೊಳಗೆ ಸಾರ್ವಜನಿಕ ನೆಲ ಖಾಸಗಿ ಆಯಿತು. ಬಿಳಿಯನಾದರೆ ಸದಸ್ಯನಲ್ಲದಿದ್ದರೂ ದುಡ್ಡು ಕೊಟ್ಟು ಆಡಬಹುದು. ಕರಿಯ ಬಂದರೆ, "ಇದು ಸದಸ್ಯರಿಗೆ ಮಾತ್ರ". 1955ರ ಡಿಸೆಂಬರ್ 7ರಂದು ಜಾರ್ಜ್ ಸಿಮ್ಕಿನ್ಸ್ ಅನ್ನೋ ಹಲ್ಲಿನ ವೈದ್ಯ ಐದು ಜನ ಗೆಳೆಯರ ಜೊತೆ ಅಲ್ಲಿಗೆ ಹೋದ. ಬಸ್ಸಿನಲ್ಲಿ ಸೀಟು ಬಿಡಲ್ಲ ಅಂದ ರೋಸಾ ಪಾರ್ಕ್ಸ್ ಬಂಧನವಾಗಿ ಅವತ್ತಿಗೆ ಆರು ದಿನ. ಆರೂ ಜನ ತಲಾ 75 ಸೆಂಟು ಮೇಜಿನ ಮೇಲಿಟ್ಟರು, ಆಡಿದರು. ಅತಿಕ್ರಮ ಪ್ರವೇಶ ಅಂತ ಕೇಸಾಯಿತು. ತಮ್ಮ ಊರಿನ ಹುಲ್ಲಿನ ಮೇಲೆ ನಡೆದದ್ದಕ್ಕೆ 30 ದಿನ ಜೈಲು ಅಂತ ಶಿಕ್ಷೆಯಾಯಿತು. ವ್ಯಾಜ್ಯ ಸುಪ್ರೀಂ ಕೋರ್ಟ್ ತನಕ ಹೋಯಿತು. 1960ರಲ್ಲಿ ಐದು ಜನ ನ್ಯಾಯಮೂರ್ತಿಗಳು ಇವರ ವಿರುದ್ಧ, ನಾಲ್ವರು ಇವರ ಪರ. ಕೊನೆಗೆ ರಾಜ್ಯಪಾಲ ಶಿಕ್ಷೆ ಇಳಿಸಿದ್ದರಿಂದ ಜೈಲು ತಪ್ಪಿತು. ಈ ನಡುವೆ ಇನ್ನೊಂದು ನ್ಯಾಯಾಲಯ ಕರಿಯರಿಗೂ ಬಾಗಿಲು ತೆರೆಯಿರಿ ಅಂದಿತ್ತು. ತೆರೆಯೋ ಬದಲು ಮೈದಾನವನ್ನೇ ಮುಚ್ಚಿದರು. ಹಂಚಿಕೊಳ್ಳೋದಕ್ಕಿಂತ ಹಾಳು ಬಿಡೋದೇ ಲೇಸು! ನಮ್ಮ ಊರುಗಳಲ್ಲಿ ಕೇರಿಯವರು ಇಳಿದರು ಅಂತ ಬಾವಿಗೆ ಮುಳ್ಳು ತುಂಬಿದ ಕತೆ ಕೇಳಿದವರಿಗೆ ಇದು ಹೊಸದಲ್ಲ. ಗಿಲೆಸ್ಪಿ ಪಾರ್ಕಿನ ಬಾಗಿಲು ಎಲ್ಲರಿಗೂ ತೆರೆದದ್ದು 1962ರ ಡಿಸೆಂಬರಿನಲ್ಲಿ. ಏಳು ವರ್ಷ ಆದ ಮೇಲೆ.

ಹಾಸ್ಟೆಲ್ ಗೆಳೆಯರೇ, ಈಗ ನಿಮ್ಮ ವಿಷಯ. ಅದೇ ಗ್ರೀನ್ಸ್‌ಬರೋದಲ್ಲಿ ಕರಿಯರ ಒಂದು ಕಾಲೇಜಿತ್ತು. ಅದರ ಹಾಸ್ಟೆಲ್ಲಿನಲ್ಲಿ ಮೊದಲ ವರ್ಷದ ನಾಲ್ಕು ಹುಡುಗರು ರಾತ್ರಿಯೆಲ್ಲ ಕೂತು ಮಾತಾಡುತ್ತಿದ್ದರು. ನೀವು ಮಾತಾಡೋ ಹಾಗೇ. ಎಜೆಲ್ ಬ್ಲೇರ್, ಡೇವಿಡ್ ರಿಚ್ಮಂಡ್, ಫ್ರಾಂಕ್ಲಿನ್ ಮೆಕೇನ್, ಜೋಸೆಫ್ ಮೆಕ್‌ನೀಲ್. ಎಲ್ಲ ಹದಿಹರೆಯದ ಹುಡುಗರು. 1960ರ ಫೆಬ್ರವರಿ 1ರಂದು ಅವರು ವುಲ್‌ವರ್ತ್ ಅಂಗಡಿಗೆ ಹೋಗಿ, ಬಿಳಿಯರಿಗೆ ಮಾತ್ರ ಅಂತಿದ್ದ ತಿಂಡಿ ಕಟ್ಟೆಯ ಮೇಲೆ ಕೂತು ಕಾಫಿ ಕೇಳಿದರು. ಕೊಡಲಿಲ್ಲ. ಏಳಲಿಲ್ಲ. ಮಾರನೇ ದಿನ ಇನ್ನಷ್ಟು ಹುಡುಗರು ಬಂದರು, ಅದರ ಮಾರನೇ ದಿನ ಹುಡುಗಿಯರೂ ಸೇರಿ ಮತ್ತಷ್ಟು. ಅದು ಊರೂರಿಗೆ ಹಬ್ಬಿತು. ಆರು ತಿಂಗಳು ತುಂಬುವ ಮೊದಲೇ ಆ ಕಟ್ಟೆಯಲ್ಲಿ ಕರಿಯರಿಗೂ ತಟ್ಟೆ ಇಟ್ಟರು. ಹುಡುಗರ ಬೆನ್ನಿಗೆ ನಿಂತು ಹೊರಗಿನ ಸಂಘಟನೆಗಳಿಗೆ ಫೋನು ಮಾಡಿ ಕರೆಸಿದವನು ಯಾರು ಗೊತ್ತಾ? ಗಾಲ್ಫ್ ಆಡಿ ಕೇಸು ಹಾಕಿಸಿಕೊಂಡ ಅದೇ ಹಲ್ಲಿನ ವೈದ್ಯ ಸಿಮ್ಕಿನ್ಸ್. ಗಾಲ್ಫ್ ಕೋಲು ಹಿಡಿದರೇನು, ಕಾಫಿ ಲೋಟ ಹಿಡಿದರೇನು, ಜಗಳ ಒಂದೇ.

ಮಾರನೇ ವರ್ಷ, 1961ರಲ್ಲಿ, ಸಿಫರ್ಡ್ ಅದೇ ಗ್ರೀನ್ಸ್‌ಬರೋಗೆ ಪಂದ್ಯ ಆಡಲು ಬಂದ. ದಕ್ಷಿಣದಲ್ಲಿ ಬಿಳಿಯರ ವೃತ್ತಿಪಂದ್ಯಕ್ಕೆ ಇಳಿದ ಮೊದಲ ಕರಿಯ. ರಾತ್ರಿ ಫೋನಿನಲ್ಲಿ ಕೊಲ್ಲುವ ಬೆದರಿಕೆ, ಹಗಲು ಮೈದಾನದಲ್ಲಿ ಬೈಗುಳ. ಚೆಂಡಿಗೆ ಏಟು ಹಾಕುವ ಹೊತ್ತಿಗೆ ಸರಿಯಾಗಿ ಕೂಗು. ಅಷ್ಟರ ನಡುವೆಯೂ ನಾಲ್ಕನೇ ಸ್ಥಾನಕ್ಕೆ ಬಂದ. ಅದೇ ವರ್ಷದ ಕೊನೆಗೆ ಸಂಘದ ಆ ಒಂದು ಸಾಲು ಬಿತ್ತು. ಬಿದ್ದದ್ದು ಯಾರ ಎದೆ ಕರಗಿದ್ದರಿಂದಲೂ ಅಲ್ಲ. ಕ್ಯಾಲಿಫೋರ್ನಿಯಾ ಸರ್ಕಾರದ ವಕೀಲ ಸ್ಟ್ಯಾನ್ಲಿ ಮೋಸ್ಕ್, ಈ ಸಾಲಿಟ್ಟುಕೊಂಡು ನಮ್ಮ ರಾಜ್ಯದ ಮೈದಾನಗಳಲ್ಲಿ ಪಂದ್ಯ ನಡೆಸಲು ಬಿಡಲ್ಲ ಅಂತ ಪಟ್ಟು ಹಿಡಿದ. ಸಂಘ ಮೊದಲು ಮಾಡಿದ ಕೆಲಸ ಏನು? ಸಾಲನ್ನು ಉಳಿಸಿಕೊಂಡು ಪಂದ್ಯವನ್ನೇ ಬೇರೆ ರಾಜ್ಯಕ್ಕೆ ಎತ್ತಿಕೊಂಡು ಹೋಯಿತು. ಆ ಮೇಲೆ ಬೇರೆ ದಾರಿ ಕಾಣದೆ ಸಾಲು ಅಳಿಸಿತು.

ಸಿಫರ್ಡ್ 1967ರಲ್ಲಿ ಗೆದ್ದ, 1969ರಲ್ಲಿ ಗೆದ್ದ. ಆದರೂ ಅಗಸ್ಟಾ ಕ್ಲಬ್ಬಿನ ಮಾಸ್ಟರ್ಸ್ ಪಂದ್ಯಕ್ಕೆ ಅವನಿಗೆ ಕರೆ ಬರಲೇ ಇಲ್ಲ. ಆ ಅಗಸ್ಟಾದಲ್ಲಿ ಕರಿಯರು ಇರಲಿಲ್ಲ ಅಂತ ತಿಳಿಯಬೇಡಿ. ತುಂಬಾ ಜನ ಇದ್ದರು. ಚೀಲ ಹೊರುತ್ತಿದ್ದರು. 1982ರ ತನಕ ಅಲ್ಲಿ ಆಡುವವರು ಕ್ಲಬ್ಬಿನ ಕ್ಯಾಡಿಗಳನ್ನೇ ತಗೋಬೇಕಿತ್ತು, ಆ ಕ್ಯಾಡಿಗಳು ಕರಿಯರು. ಆಟಗಾರನಾಗಿ ಮೊದಲ ಕರಿಯ, ಲೀ ಎಲ್ಡರ್, ಒಳಗೆ ಹೋದದ್ದು 1975ರಲ್ಲಿ.

ಅದೇ 1975ರಲ್ಲಿ ಸಿಫರ್ಡ್ ಹಿರಿಯರ ಪಂದ್ಯ ಗೆದ್ದ. ಆಗ ಅವನಿಗೆ 52 ವರ್ಷ. 1980ರಲ್ಲಿ ಹಿರಿಯರಿಗೆ ಅಂತಲೇ ಪಂದ್ಯಗಳ ಸರಣಿ ಶುರುವಾದಾಗ 58ನೇ ವಯಸ್ಸಿನಲ್ಲಿ ಅಲ್ಲೂ ಗೆದ್ದ. 2014ರಲ್ಲಿ ಅಮೆರಿಕದ ರಾಷ್ಟ್ರಾಧ್ಯಕ್ಷ ಒಬಾಮಾ ಕರೆದು ದೇಶದ ದೊಡ್ಡ ಪದಕ ಹಾಕಿದ. 2015ರಲ್ಲಿ ಸಿಫರ್ಡ್ ತೀರಿಕೊಂಡ. ಹೊಗಳಿಕೆಗೆ ಬರ ಇರಲಿಲ್ಲ. "ತಡವಾದರೂ ನ್ಯಾಯ ಸಿಕ್ಕಿತಲ್ಲ" ಅಂದವರು ಬೇಕಾದಷ್ಟು ಜನ.

ನಾವು ಒಪ್ಪೋದಿಲ್ಲ. 25ರಲ್ಲಿ ಕಿತ್ತುಕೊಂಡದ್ದನ್ನು 52ರಲ್ಲಿ ವಾಪಸ್ ಕೊಟ್ಟರೆ ಅದು ವಾಪಸ್ ಕೊಟ್ಟ ಹಾಗಾಗಲ್ಲ. ಬಡ್ಡಿ ಎಲ್ಲಿ? ಸಾಲಗಾರ ಕೇರಿಯವನಾದರೆ ಅಪ್ಪನ ಸಾಲಕ್ಕೆ ಮಗ, ಮಗನ ಸಾಲಕ್ಕೆ ಮೊಮ್ಮಗ ಜೀತ ಮಾಡಬೇಕು. ಸಾಲಗಾರ ಕ್ಲಬ್ಬಿನವನಾದರೆ ಒಂದು ಪದಕ, ಒಂದು ಹಾರ, ಲೆಕ್ಕ ಚುಕ್ತಾ! ಬಿಳಿಯ ಹಿರಿಯರಿಗೆ ಹಿರಿಯರ ಪಂದ್ಯ ಅಂದರೆ ಉಂಡ ಮೇಲಿನ ಎಲೆ ಅಡಿಕೆ. ಸಿಫರ್ಡ್‌ಗೆ ಅದೇ ಮೊದಲ ತುತ್ತು.

ಆಮೇಲೆ ಬಾಗಿಲುಗಳು ತೆರೆದದ್ದಾದರೂ ಹೇಗೆ? 1990ರಲ್ಲಿ ಅಲಬಾಮಾ ರಾಜ್ಯದ ಶೋಲ್ ಕ್ರೀಕ್ ಕ್ಲಬ್ಬಿನಲ್ಲಿ ದೊಡ್ಡ ಪಂದ್ಯ ಇತ್ತು. ಕ್ಲಬ್ಬು ಕಟ್ಟಿದವನು, ನಾವು ಕರಿಯರನ್ನು ಸೇರಿಸಿಕೊಳ್ಳಲ್ಲ, ಯಾರ ಒತ್ತಾಯಕ್ಕೂ ಬಗ್ಗಲ್ಲ ಅನ್ನೋ ಅರ್ಥದ ಮಾತನ್ನು ಪತ್ರಿಕೆಯ ಮುಂದೆಯೇ ಆಡಿದ. ಗಲಾಟೆಯಾಯಿತು. ಟಿ.ವಿ.ಗೆ ಜಾಹೀರಾತು ಕೊಡುವ ದೊಡ್ಡ ಕಂಪನಿಗಳು ಹಿಂದೆ ಸರಿದವು. ನೂರು ವರ್ಷ ನೀತಿಗೆ ಬಗ್ಗದ ಬಾಗಿಲು ಜಾಹೀರಾತಿನ ದುಡ್ಡಿಗೆ ಕೆಲವೇ ವಾರದಲ್ಲಿ ಬಗ್ಗಿತು. ತರಾತುರಿಯಲ್ಲಿ ಒಬ್ಬ ಕರಿಯ ಸದಸ್ಯನನ್ನು ಹುಡುಕಿ ತಂದರು. ಅಗಸ್ಟಾಕ್ಕೂ ಮೊದಲ ಕರಿಯ ಸದಸ್ಯ ಸಿಕ್ಕಿದ್ದು ಅದೇ 1990ರಲ್ಲೇ. ಹೆಣ್ಣುಮಕ್ಕಳಿಗೆ ಅಲ್ಲಿ ಸದಸ್ಯತ್ವ ಸಿಕ್ಕಿದ್ದು 2012ರಲ್ಲಿ.

"ಅದೆಲ್ಲ ಅಮೆರಿಕದ ಪಾಪ, ನಮ್ಮಲ್ಲಿ ಹಾಗಿಲ್ಲ" ಅನ್ನೋರಿಗೆ ಎರಡು ಮಾತು. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಕ್ಲಬ್ಬಿನ ಚರಿತ್ರೆಗೆ ಅದು ಹೆಮ್ಮೆಯ ವರ್ಷ. ನಮ್ಮ ಅಜ್ಜ ಮುತ್ತಜ್ಜಂದಿರಿಗೆ ಅದು ಧಾತು ಈಶ್ವರದ ಬರ ಕಾಲಿಟ್ಟ ವರ್ಷ. ಆಗ ಮೈಸೂರು ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. 1871ರ ಖಾನೇಷುಮಾರಿಯಲ್ಲಿ ಮೈಸೂರು ಸೀಮೆಯ ಜನ 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಸೀಮೆಯಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚು ಜನ ಕಮ್ಮಿ! ಕ್ಲಬ್ಬು ಬರ ತಂದಿತು ಅಂತ ನಾವು ಹೇಳ್ತಾ ಇಲ್ಲ. ಒಂದೇ ವರ್ಷದಲ್ಲಿ ಎರಡು ಚರಿತ್ರೆ ಶುರುವಾದವು, ಒಂದಕ್ಕೆ ಮಾತ್ರ ಬೆಳ್ಳಿ ಬಟ್ಟಲು ಬಂತು ಅಂತ ಹೇಳ್ತಾ ಇದ್ದೀವಿ.

ಎರಡನೇ ಮಾತು ಕ್ರಿಕೆಟ್ಟಿನದು. ಅಲ್ಲೂ ಕ್ಲಬ್ಬು, ಅಲ್ಲೂ ಹೊರುವವರು. ಧಾರವಾಡದಲ್ಲಿ ಹುಟ್ಟಿದ, ಚಮ್ಮಾರ ಜಾತಿಯ ಪಲ್ವಂಕರ್ ಬಾಳೂ ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿಗೆ ಕೂಲಿ ಇದ್ದರು. ನೆಲಕ್ಕೆ ರೋಲರ್ ಎಳೆದರು, ಬಲೆ ಕಟ್ಟಿದರು, ಸಾಹೇಬರ ಅಭ್ಯಾಸಕ್ಕೆ ಗಂಟೆಗಟ್ಟಲೆ ಬೌಲ್ ಮಾಡಿದರು. ಬ್ಯಾಟು ಕೈಗೆ ಕೊಟ್ಟವರಿಲ್ಲ. ಆಮೇಲೆ ಹಿಂದೂಗಳ ತಂಡಕ್ಕೆ ಅವರ ಎಡಗೈ ಬೇಕಾಯಿತು. ಬಾಳೂ ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹಾದ ಹೊತ್ತಿಗೆ ಮಾತ್ರ ಅವರಿಗೆ ಹೊರಗಡೆ, ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋಗಿ 114 ವಿಕೆಟ್ ಕಿತ್ತು ಬಂದರು. ನಾಯಕನ ಪಟ್ಟ ಮಾತ್ರ ಅವರಿಗೆ ಸಿಗಲೇ ಇಲ್ಲ. ಅದು 1923ರಲ್ಲಿ ಅವರ ತಮ್ಮ ವಿಠ್ಠಲರಿಗೆ ಸಿಕ್ಕಿತು. ಅಣ್ಣನ ಹೆಗಲು, ತಮ್ಮನ ಕಿರೀಟ. ಅಷ್ಟು ಹೊತ್ತಿಗೆ ಅಣ್ಣನ ಆಟ ಮುಗಿದಿತ್ತು.

ಹಾಗಾದರೆ ಏನು ಮಾಡೋದು? ಕ್ಲಬ್ಬುಗಳಿಗೆ ಬೆಂಕಿ ಹಾಕೋದಾ? ಅಲ್ಲ. ವಾಷಿಂಗ್ಟನ್ನಿನ ಕಪ್ಪು ಹೆಂಗಸರು ಏನು ಮಾಡಿದರು ನೋಡಿ. ಅವರ ಗಂಡಂದಿರು ಗಾಲ್ಫ್ ಆಡಲು ಹೋಗ್ತಿದ್ದರು, ಇವರು ಮನೆಯಲ್ಲಿ. 1937ರಲ್ಲಿ ಹೆಲೆನ್ ವೆಬ್ ಹ್ಯಾರಿಸ್ ಅನ್ನೋ ಶಿಕ್ಷಕಿ ತಮ್ಮ ಮನೆಗೆ ಗೆಳತಿಯರನ್ನು ಕರೆದರು, ಹದಿಮೂರು ಜನ ಸೇರಿ ವೇಕ್ ರಾಬಿನ್ ಅಂತ ಒಂದು ಕಾಡುಹೂವಿನ ಹೆಸರಿನಲ್ಲಿ ಕ್ಲಬ್ ಕಟ್ಟಿದರು. ಬಿಳಿಯರಿಂದ ಬೇಲಿ, ಗಂಡಸರಿಂದ ಇನ್ನೊಂದು ಬೇಲಿ, ಎರಡನ್ನೂ ಒಟ್ಟಿಗೆ ಕಿತ್ತರು. ಮರುವರ್ಷವೇ ಸರ್ಕಾರಕ್ಕೆ ಅರ್ಜಿ ಹಾಕಿದರು. ರಾಜಧಾನಿಯ ಸಾರ್ವಜನಿಕ ಮೈದಾನಗಳು ನಮಗೂ ಬೇಕು ಅಂತ. ಸರ್ಕಾರ 1939ರಲ್ಲಿ ಕರಿಯರಿಗಾಗಿ ಬೇರೆ ಮೈದಾನ ಮಾಡಿಕೊಟ್ಟಿತು. ಎಲ್ಲಿ ಗೊತ್ತಾ? ಊರಿನ ಕಸ ಸುರಿದಿದ್ದ ಜಾಗದಲ್ಲಿ. 9 ಕುಳಿ, ಅಂದರೆ ಅರ್ಧ ಆಟ. ಲ್ಯಾಂಗ್‌ಸ್ಟನ್ ಮೈದಾನ ಅಂತ ಹೆಸರು. ಅವರು ಅಲ್ಲಿ ಆಡಿದರು, ಆದರೆ "ಸಾಕು, ನಮ್ಮದು ನಮಗೆ ಸಿಕ್ಕಿತು" ಅಂತ ಸುಮ್ಮನೆ ಕೂರಲಿಲ್ಲ. 1941ರಲ್ಲಿ ಬೇರೆ ಮೈದಾನಗಳಿಗೂ ನುಗ್ಗಿದವರ ಜೊತೆ ನಿಂತರು, ಬೈಗುಳ ತಿಂದರು, ಬಾಗಿಲು ತೆರೆಸಿದರು. ಕಸದ ಮೇಲೆ ಹುಲ್ಲು ಬೆಳೆಸಿದವರು ಬೇಲಿಯನ್ನೂ ಕಿತ್ತರು.

ಇಲ್ಲಿ ಒಂದು ಎಚ್ಚರ ಹೇಳಿ ಮುಗಿಸ್ತೀವಿ. ನಮ್ಮಲ್ಲಿ ಓದಿ ನೌಕರಿ ಹಿಡಿದವರು ಹೆಚ್ಚುತ್ತಿದ್ದಾರೆ. ಹೆಚ್ಚಲಿ. ನಾಳೆ ನಿಮ್ಮಲ್ಲಿ ಕೆಲವರು ಸಾಹೇಬರಾಗ್ತೀರಿ, ಕ್ಲಬ್ಬಿನ ಬಾಗಿಲು ನಿಮಗೂ ತೆರೆಯಬಹುದು. ಹೋಗಿ, ಆಡಿ, ಅದು ನಿಮ್ಮ ಹಕ್ಕು. ಆದರೆ ಒಳಗೆ ಹೋದ ಮೇಲೆ ನಿಮ್ಮ ಚೀಲ ಯಾರ ಹೆಗಲ ಮೇಲಿದೆ ಅಂತ ಒಂದು ಸಲ ತಿರುಗಿ ನೋಡಿ. ಅಲ್ಲಿ ನಿಮ್ಮದೇ ಕೇರಿಯ ಹುಡುಗ, ನಿಮ್ಮದೇ ಚಿಕ್ಕಪ್ಪನ ಮಗ ನಿಂತಿದ್ದರೆ, ಅವನ ಹೆಸರು ಕೇಳದೆ ಮುಂದಿನ ಕುಳಿಗೆ ನಡೆದರೆ, ನೀವೂ 55 ಆಗುವ ಮೊದಲೇ ಸೀನಿಯರ್ ಆದಿರಿ ಅಂತ ಅರ್ಥ.

ನಿಮ್ಮ ಕಾಲೇಜು, ನಿಮ್ಮ ಹಾಸ್ಟೆಲ್, ನಿಮ್ಮ ಊರಿನ ಸಂಘ ನಾಳೆ ಸ್ಮರಣ ಸಂಚಿಕೆ ತರುತ್ತದೆ. ಅದು ಕೈಗೆ ಬಂದಾಗ ಮೂರು ಪ್ರಶ್ನೆ ಕೇಳಿ. ಈ ನೆಲ ಮೊದಲು ಯಾರದು? ಇಲ್ಲಿ ಹೊರೆ ಹೊತ್ತವರು ಯಾರು? ಬಾಗಿಲ ಹೊರಗೆ ನಿಂತವರು ಯಾರು? ಉತ್ತರ ಆ ಪುಸ್ತಕದಲ್ಲಿ ಇರೋದಿಲ್ಲ. ಅಡುಗೆಯವರನ್ನು ಕೇಳಿ, ಕಸ ಗುಡಿಸೋ ಅವ್ವನನ್ನು ಕೇಳಿ, ರಾತ್ರಿ ಕಾವಲಿನ ತಾತನನ್ನು ಕೇಳಿ. ಅವರ ಹೆಸರು, ಊರು, ಎಷ್ಟು ವರ್ಷ ದುಡಿದರು, ಎಷ್ಟು ಕೂಲಿ ಸಿಕ್ಕಿತು, ಎಲ್ಲ ಬರೆದುಕೊಳ್ಳಿ. ಈ ಪತ್ರಿಕೆಗೆ ಕಳಿಸಿ, ನಾವು ಅಚ್ಚು ಹಾಕ್ತೀವಿ.

"ಸ್ವಲ್ಪ ಕಾಯ್ರಪ್ಪ, ಕಾಲ ಬದಲಾಗುತ್ತೆ" ಅನ್ನೋ ಹಿರಿಯರಿಗೆ ಸಿಫರ್ಡ್‌ನ 27 ವರ್ಷದ ಲೆಕ್ಕ ಕೊಡಿ. ಗ್ರೀನ್ಸ್‌ಬರೋದ ಆ ನಾಲ್ಕು ಹುಡುಗರು ಕಾಯಲಿಲ್ಲ. ಹಾಸ್ಟೆಲ್ಲಿನ ದೀಪ ಆರಿಸಿ, ಮಾರನೇ ದಿನವೇ ಹೋಗಿ ಕೂತರು.